ಸಿಸೇರಿಯನ್ ನಂತರದ ಹೊಟ್ಟೆ: ಯಾವ ತೊಂದರೆಗೆ ಯಾವ ಆಪರೇಷನ್? ಯಾವುದಕ್ಕೆ ಆಪರೇಷನ್ ಬೇಕಾಗಿಲ್ಲ?

‘ಸಿಸೇರಿಯನ್ ಆಗಿ ಎರಡು ವರ್ಷವಾಯಿತು, ಹೊಟ್ಟೆ ಮಾತ್ರ ಇಳಿದಿಲ್ಲ.’ ಈ ಮಾತಿಗೆ ಮೊಬೈಲ್‌ಗೆ ಬರುವ ಫಾರ್ವರ್ಡ್‌ಗಳಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಒಂದು, ‘ಒಮ್ಮೆ ಹೊಟ್ಟೆ ಕೊಯ್ದರೆ ಮುಗಿಯಿತು, ಜೀವನಪೂರ್ತಿ ಹಾಗೇ ಇರುತ್ತದೆ.’ ಇನ್ನೊಂದು, ‘ಟಮ್ಮಿ ಟಕ್ ಮಾಡಿಸಿ, ಒಂದೇ ದಿನದಲ್ಲಿ ಹೊಟ್ಟೆ ಮೊದಲಿನಂತೆ.’ ಮೊದಲನೆಯದು ಅನಗತ್ಯ ಭಯ ಹುಟ್ಟಿಸುತ್ತದೆ. ಎರಡನೆಯದು ಸುಳ್ಳು ಭರವಸೆ ಕೊಡುತ್ತದೆ.

ಈ ಪ್ರಶ್ನೆ ಕೆಲವೇ ಮನೆಗಳದ್ದಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ. ಅಂದರೆ ಹತ್ತು ಹೆರಿಗೆಯಲ್ಲಿ ಮೂರು. 2015–16ರ ಸಮೀಕ್ಷೆಯಲ್ಲಿ ಇದು ಶೇ. 23.6 ಇತ್ತು. ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂಥ ಊರಿನಲ್ಲೂ ಸಿಸೇರಿಯನ್ ಆದ ತಾಯಂದಿರು ಅಪರೂಪವಲ್ಲ. ಹಾಗಾಗಿ ಹೊಟ್ಟೆಯ ಆಪರೇಷನ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಾವು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಚುಟುಕಾಗಿ

• ‘ಹೊಟ್ಟೆ ಬಂದಿದೆ’ ಎಂಬ ಒಂದೇ ಮಾತಿನ ಹಿಂದೆ ಐದು ಬೇರೆ ಬೇರೆ ತೊಂದರೆ ಇರಬಹುದು: ಜೋತುಬಿದ್ದ ಚರ್ಮ, ಕೊಬ್ಬು, ಸ್ನಾಯುಗಳ ನಡುವಿನ ಅಂತರ, ಹರ್ನಿಯಾ, ಗಾಯದ ಕಲೆಯ ಸಮಸ್ಯೆ.
• ಪ್ರತಿಯೊಂದಕ್ಕೂ ಪರಿಹಾರ ಬೇರೆ. ಒಂದರ ಆಪರೇಷನ್ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.
• ಇವುಗಳಲ್ಲಿ ತುರ್ತಾಗಿ ಜೀವಕ್ಕೆ ಅಪಾಯ ತರಬಲ್ಲದ್ದು ಹರ್ನಿಯಾ. ಉಳಿದವುಗಳಿಗೆ ಕಾಯಲು ಸಮಯವಿದೆ. ಕಾಯುವುದೇ ಹೆಚ್ಚಿನ ಸಲ ಲಾಭ.

ಸಿಸೇರಿಯನ್‌ನಲ್ಲಿ ಏನನ್ನು ಕೊಯ್ಯುತ್ತಾರೆ?

ಈಗ ಹೆಚ್ಚಿನ ಸಿಸೇರಿಯನ್‌ಗಳಲ್ಲಿ ಹೊಟ್ಟೆಯ ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ಯುತ್ತಾರೆ. ಈ ಅಡ್ಡಗೀಟಿನ ವಿಧಾನವನ್ನು 1900ರಲ್ಲಿ ವಿವರಿಸಿದವರು ಜರ್ಮನಿಯ ಸ್ತ್ರೀರೋಗ ತಜ್ಞ ಹರ್ಮನ್ ಫ್ಯಾನೆನ್‌ಸ್ಟೀಲ್. ವೈದ್ಯರು ಮೊದಲು ಚರ್ಮ, ಆಮೇಲೆ ಕೊಬ್ಬು, ಅದರ ಕೆಳಗಿನ ಗಟ್ಟಿಯಾದ ಬಿಳಿ ಪೊರೆಯನ್ನು ಕೊಯ್ಯುತ್ತಾರೆ. ಆಮೇಲೆ ಸಿಗುವುದು ಪಕ್ಕೆಲುಬಿನಿಂದ ಕೆಳಗಿನವರೆಗೆ ಎರಡು ಪಟ್ಟಿಯಂತೆ ಇಳಿಯುವ ನೇರ ಸ್ನಾಯುಗಳು. ಸಾಮಾನ್ಯವಾಗಿ ಈ ಸ್ನಾಯುಗಳನ್ನು ಕತ್ತರಿಸುವುದಿಲ್ಲ. ನಡುವಿನಿಂದ ಎರಡೂ ಬದಿಗೆ ಸರಿಸುತ್ತಾರೆ, ಅಷ್ಟೆ. ನಂತರ ಒಳಪೊರೆ ಮತ್ತು ಗರ್ಭಕೋಶವನ್ನು ಕೊಯ್ದು ಮಗುವನ್ನು ಹೊರತೆಗೆಯುತ್ತಾರೆ.

ಹಾಗಾಗಿ ‘ಆಪರೇಷನ್‌ನಲ್ಲಿ ಸ್ನಾಯು ಕತ್ತರಿಸಿದರು, ಅದಕ್ಕೇ ಹೊಟ್ಟೆ ಬಂತು’ ಎನ್ನುವುದು ಸರಿಯಲ್ಲ. ಹೊಟ್ಟೆಯ ಗೋಡೆ ಹಿಗ್ಗುವುದು ಒಂಬತ್ತು ತಿಂಗಳ ಬಸುರಿನಿಂದ. ಸಹಜ ಹೆರಿಗೆಯಾದವರಲ್ಲೂ ಇದು ಆಗುತ್ತದೆ. ಹೊಲಿಗೆಯ ಗಾಯ, ಅದರ ಕಲೆ ಮತ್ತು ಆ ಜಾಗದಲ್ಲಿ ಮುಂದೆ ಹರ್ನಿಯಾ ಆಗುವ ಸಾಧ್ಯತೆ ಮಾತ್ರ ಸಿಸೇರಿಯನ್‌ನಿಂದ ಹೆಚ್ಚುವರಿಯಾಗಿ ಸೇರುತ್ತವೆ.

ಐದು ತೊಂದರೆ, ಹೆಸರು ಮಾತ್ರ ಒಂದೇ

1. ಚರ್ಮ: ಹಿಗ್ಗಿದ ಚರ್ಮ ಪೂರ್ತಿ ಹಿಂದಕ್ಕೆ ಹೋಗದೆ ಮಡಿಕೆಯಾಗಿ ಜೋತುಬೀಳುತ್ತದೆ. ನಿಂತಾಗ ಕೈಯಲ್ಲಿ ಹಿಡಿದು ಎತ್ತಿದರೆ ತೆಳ್ಳಗೆ, ಸಡಿಲವಾಗಿ ಬರುತ್ತದೆ.

2. ಕೊಬ್ಬು: ಚರ್ಮದ ಕೆಳಗಿನ ಕೊಬ್ಬು ಕೈಗೆ ದಪ್ಪಗೆ ಸಿಗುತ್ತದೆ. ಇನ್ನೊಂದು ಬಗೆಯ ಕೊಬ್ಬು ಕರುಳಿನ ಸುತ್ತ, ಹೊಟ್ಟೆಯ ಒಳಗಿರುತ್ತದೆ. ಅದು ಕೈಗೆ ಸಿಗುವುದಿಲ್ಲ. ಯಾವ ಸೌಂದರ್ಯ ಶಸ್ತ್ರಚಿಕಿತ್ಸೆಯೂ ಅದನ್ನು ತೆಗೆಯುವುದಿಲ್ಲ.

3. ಸ್ನಾಯುಗಳ ಅಂತರ: ಬಸುರಿನಲ್ಲಿ ಎರಡು ನೇರ ಸ್ನಾಯುಗಳ ನಡುವಿನ ಪೊರೆ ಹಿಗ್ಗಿ ಅವು ದೂರ ಸರಿಯುತ್ತವೆ. ವೈದ್ಯರು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಇಂಥವರು ಸಣಕಲಾಗಿದ್ದರೂ ಸಂಜೆ ಹೊತ್ತಿಗೆ ಐದು ತಿಂಗಳ ಬಸುರಿಯಂತೆ ಹೊಟ್ಟೆ ಉಬ್ಬಿಕೊಂಡು ಕಾಣಬಹುದು.

4. ಹರ್ನಿಯಾ: ಹೊಕ್ಕುಳಿನಲ್ಲಿ ಅಥವಾ ಹಳೆಯ ಹೊಲಿಗೆಯ ಜಾಗದಲ್ಲಿ ಪೊರೆಗೆ ತೂತು ಬಿದ್ದು, ಒಳಗಿನ ಕೊಬ್ಬು ಅಥವಾ ಕರುಳು ಹೊರಗೆ ಚಾಚುತ್ತದೆ. ಕೆಮ್ಮಿದಾಗ, ಕೊಡ ಎತ್ತಿದಾಗ ಗಂಟು ಕಾಣುತ್ತದೆ. ಮಲಗಿದಾಗ ಮಾಯವಾಗುತ್ತದೆ.

5. ಗಾಯದ ಕಲೆ: ಕಲೆ ಒಳಪದರಕ್ಕೆ ಅಂಟಿಕೊಂಡರೆ ಅಲ್ಲಿ ಚರ್ಮ ಒಳಕ್ಕೆ ಎಳೆದಂತಾಗಿ, ಮೇಲಿನ ಭಾಗ ಅದರ ಮೇಲೆ ಮಾಡಿನಂತೆ ಚಾಚಿಕೊಳ್ಳುತ್ತದೆ. ಇನ್ನೊಂದು ಅಪರೂಪದ ಸಮಸ್ಯೆಯೂ ಇದೆ. ಹೊಲಿಗೆಯ ಬಳಿ ಸಣ್ಣ ಗಂಟಾಗಿ, ಪ್ರತಿ ತಿಂಗಳು ಮುಟ್ಟಿನ ದಿನಗಳಲ್ಲೇ ಅದು ನೋಯುತ್ತಿದ್ದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅಲ್ಲಿ ಬೆಳೆದಿರಬಹುದು. ಇದಕ್ಕೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಇದನ್ನು ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು.

ಒಬ್ಬರಲ್ಲೇ ಎರಡು ಮೂರು ತೊಂದರೆ ಒಟ್ಟಿಗೆ ಇರುವುದೂ ಸಾಮಾನ್ಯ.

ಸ್ನಾಯುಗಳ ಅಂತರವನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಮಂಡಿ ಮಡಚಿ ಅಂಗಾತ ಮಲಗಿ. ಎರಡು ಬೆರಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡವಾಗಿ ಇಡಿ. ತಲೆ ಮತ್ತು ಭುಜವನ್ನು ನಿಧಾನಕ್ಕೆ ಸ್ವಲ್ಪ ಎತ್ತಿ. ಬೆರಳಿನ ಎರಡೂ ಬದಿಗೆ ಸ್ನಾಯುಗಳ ಅಂಚು ಗಟ್ಟಿಯಾಗುವುದು ಗೊತ್ತಾಗುತ್ತದೆ. ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಿ. ಹೊಕ್ಕುಳಿನ ಕೆಳಗೂ ಹೀಗೇ ಮಾಡಿ. ಎರಡು ಬೆರಳು ಅಥವಾ ಹೆಚ್ಚು ಹಿಡಿದರೆ, ಇಲ್ಲವೇ ನಡುವೆ ದಿಬ್ಬದಂತೆ ಉಬ್ಬಿದರೆ, ಅಂತರ ಇರಬಹುದು. ಖಚಿತಪಡಿಸಲು ವೈದ್ಯರ ಪರೀಕ್ಷೆ, ಬೇಕಾದರೆ ಅಲ್ಟ್ರಾಸೌಂಡ್ ಇದೆ. ಸಿಸೇರಿಯನ್ ಗಾಯ ಪೂರ್ತಿ ಮಾಯುವ ಮೊದಲು ಈ ಪರೀಕ್ಷೆ ಬೇಡ.

ಅಂತರ ಕಂಡಿತೆಂದು ಗಾಬರಿಯಾಗಬೇಕಿಲ್ಲ. ನಾರ್ವೆಯಲ್ಲಿ ಮೊದಲ ಹೆರಿಗೆಯ 300 ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರು ವಾರಕ್ಕೆ ಶೇ. 60ರಷ್ಟು ಮಹಿಳೆಯರಲ್ಲಿ ಈ ಅಂತರ ಇತ್ತು. ಆರು ತಿಂಗಳಿಗೆ ಶೇ. 45ಕ್ಕೆ, ಒಂದು ವರ್ಷಕ್ಕೆ ಸುಮಾರು ಶೇ. 33ಕ್ಕೆ ಇಳಿಯಿತು. ಅಂತರ ಇದ್ದವರಿಗೂ ಇಲ್ಲದವರಿಗೂ ಸೊಂಟನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಹೆರಿಗೆಯಾಗಿ ಎರಡು ತಿಂಗಳಿಗೆ ಆಪರೇಷನ್ ನಿರ್ಧಾರ ಮಾಡಿದವರಲ್ಲಿ ಅನೇಕರು ತಾನಾಗಿಯೇ ಕಡಿಮೆಯಾಗುವ ತೊಂದರೆಗೆ ಹಣ ಕೊಟ್ಟಂತಾಗುತ್ತದೆ.

ಯಾವುದಕ್ಕೆ ಯಾವ ಆಪರೇಷನ್?

ಪೂರ್ಣ ಟಮ್ಮಿ ಟಕ್: ವೈದ್ಯಕೀಯ ಹೆಸರು ಅಬ್ಡಾಮಿನೋಪ್ಲಾಸ್ಟಿ. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಅಡ್ಡಕ್ಕೆ ಕೊಯ್ದು, ಹೆಚ್ಚಾದ ಚರ್ಮ ಮತ್ತು ಕೊಬ್ಬನ್ನು ತೆಗೆಯುತ್ತಾರೆ. ದೂರ ಸರಿದ ಸ್ನಾಯುಗಳನ್ನು ಹೊಲಿದು ಹತ್ತಿರ ತರುತ್ತಾರೆ. ಮೇಲಿನ ಚರ್ಮವನ್ನು ಕೆಳಕ್ಕೆ ಎಳೆದು, ಹೊಕ್ಕುಳಿಗೆ ಹೊಸ ಜಾಗದಲ್ಲಿ ರಂಧ್ರ ಮಾಡಿ ಹೊಲಿಯುತ್ತಾರೆ. ಸಿಸೇರಿಯನ್ ಕಲೆ ಹೆಚ್ಚಾಗಿ ತೆಗೆದ ಚರ್ಮದ ಜೊತೆಗೇ ಹೋಗುತ್ತದೆ. ಆದರೆ ಅದಕ್ಕಿಂತ ಬಹಳ ಉದ್ದದ ಹೊಸ ಕಲೆ ಬರುತ್ತದೆ. ಚರ್ಮ ಮತ್ತು ಸ್ನಾಯು ಎರಡೂ ಸಡಿಲವಾದವರಿಗೆ ಇದು ಹೊಂದುತ್ತದೆ.

ಮಿನಿ ಟಮ್ಮಿ ಟಕ್: ಹೊಕ್ಕುಳಿನ ಕೆಳಗಷ್ಟೇ ಚರ್ಮ ಸಡಿಲವಿದ್ದರೆ. ಗಾಯ ಸಣ್ಣದು, ಹೊಕ್ಕುಳನ್ನು ಮುಟ್ಟುವುದಿಲ್ಲ. ಮೇಲ್ಭಾಗದ ಸಡಿಲಿಕೆಗೆ ಇದರಿಂದ ಪ್ರಯೋಜನವಿಲ್ಲ.

ಲಿಪೊಸಕ್ಷನ್: ಸಣ್ಣ ರಂಧ್ರದ ಮೂಲಕ ನಳಿಕೆ ತೂರಿಸಿ ಚರ್ಮದ ಕೆಳಗಿನ ಕೊಬ್ಬನ್ನು ಹೀರುತ್ತಾರೆ. ಸ್ನಾಯುಗಳ ಅಂತರ ಮುಚ್ಚುವುದಿಲ್ಲ, ಹರ್ನಿಯಾ ಸರಿಯಾಗುವುದಿಲ್ಲ. ಚರ್ಮ ಮೊದಲೇ ಸಡಿಲವಿದ್ದರೆ, ಕೊಬ್ಬು ಹೋದ ಮೇಲೆ ಇನ್ನಷ್ಟು ಜೋತುಬೀಳಬಹುದು. ಇದು ತೂಕ ಇಳಿಸುವ ಚಿಕಿತ್ಸೆಯಲ್ಲ.

ಜೋತ ಮಡಿಕೆ ತೆಗೆಯುವುದು: ಹೊಟ್ಟೆಯ ಚರ್ಮ ತೊಡೆಯ ಮೇಲೆ ಇಳಿಬಿದ್ದು, ಮಡಿಕೆಯ ಅಡಿ ಮತ್ತೆ ಮತ್ತೆ ಹುಣ್ಣು, ಫಂಗಸ್ ಆಗುತ್ತಿದ್ದರೆ ಆ ಮಡಿಕೆಯನ್ನಷ್ಟೇ ತೆಗೆಯುತ್ತಾರೆ. ಸ್ನಾಯುಗಳನ್ನು ಬಿಗಿ ಮಾಡುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗದ ನಮ್ಮ ಮಲೆನಾಡಿನಲ್ಲಿ ಈ ತುರಿಕೆ, ಹುಣ್ಣು ಸಣ್ಣ ತೊಂದರೆಯಲ್ಲ. ಆದರೆ ಮೊದಲ ಮದ್ದು ಆಪರೇಷನ್ ಅಲ್ಲ. ಮಡಿಕೆಯನ್ನು ಒಣಗಿಸಿ ಇಡುವುದು, ಹತ್ತಿ ಬಟ್ಟೆ ಮತ್ತು ವೈದ್ಯರು ಕೊಡುವ ಮುಲಾಮು.

ಹರ್ನಿಯಾ ಆಪರೇಷನ್: ತೂತನ್ನು ಹೊಲಿದು ಮುಚ್ಚುತ್ತಾರೆ, ಅನೇಕ ಸಲ ಬಲಕ್ಕೆ ಮೆಶ್ ಎಂಬ ಬಲೆಯನ್ನೂ ಇಡುತ್ತಾರೆ. ತೆರೆದ ವಿಧಾನದಲ್ಲೂ ದುರ್ಬೀನಿನ ವಿಧಾನದಲ್ಲೂ ಮಾಡಬಹುದು. ಇದು ಸೌಂದರ್ಯಕ್ಕಲ್ಲ, ರೋಗಕ್ಕೆ ಮಾಡುವ ಆಪರೇಷನ್. ಜನರಲ್ ಸರ್ಜನ್ ಮಾಡುತ್ತಾರೆ.

ಕಲೆ ಬಿಡಿಸುವುದು: ಅಂಟಿಕೊಂಡ ಹಳೆಯ ಕಲೆಯನ್ನು ಬಿಡಿಸಿ ಮತ್ತೆ ಹೊಲಿಯುತ್ತಾರೆ. ತೊಂದರೆ ಕಲೆಯದ್ದು ಮಾತ್ರವಾದರೆ ಇಷ್ಟೇ ಸಾಕಾಗಬಹುದು. ಪೂರ್ಣ ಟಮ್ಮಿ ಟಕ್ ಬೇಕಾಗುವುದಿಲ್ಲ.

ಯಾವಾಗ ಮಾಡಿಸಬೇಕು?

ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಚರ್ಮ, ಸ್ನಾಯು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಹಾಗಾಗಿ ಟಮ್ಮಿ ಟಕ್‌ನಂಥ ಆಪರೇಷನ್‌ಗೆ ಹೆರಿಗೆಯಾಗಿ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಳೆಯಲಿ ಎನ್ನುವುದು ಸಾಮಾನ್ಯ ಸಲಹೆ. ಮಗುವಿಗೆ ಎದೆಹಾಲು ಬಿಡಿಸಿ ಕೆಲವು ತಿಂಗಳಾಗಿರಬೇಕು. ತೂಕ ಕೆಲವು ತಿಂಗಳಿಂದ ಒಂದೇ ಮಟ್ಟದಲ್ಲಿರಬೇಕು. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಬೇಕು, ರಕ್ತಹೀನತೆ ಇದ್ದರೆ ಸರಿಪಡಿಸಿಕೊಂಡಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಇನ್ನೊಂದು ಮಗು ಬೇಕೇ? ಟಮ್ಮಿ ಟಕ್ ಆದ ಮೇಲೆ ಗರ್ಭ ನಿಲ್ಲುವುದಿಲ್ಲ ಎನ್ನುವುದು ಸುಳ್ಳು. ಗರ್ಭ ಧರಿಸಬಹುದು. ಆದರೆ ಬಿಗಿ ಮಾಡಿದ ಸ್ನಾಯು, ಚರ್ಮ ಮತ್ತೆ ಹಿಗ್ಗಿ, ಪಟ್ಟ ಪಾಡು, ಕೊಟ್ಟ ದುಡ್ಡು ಎರಡೂ ವ್ಯರ್ಥವಾಗಬಹುದು. ಮಕ್ಕಳ ವಿಷಯ ಮುಗಿದ ಮೇಲೆಯೇ ಇದನ್ನು ಯೋಚಿಸುವುದು ಒಳ್ಳೆಯದು.

ಕಾಯುವ ಈ ಅವಧಿ ಸುಮ್ಮನೆ ಕೂರುವ ಅವಧಿಯಲ್ಲ. ವೈದ್ಯರು ಒಪ್ಪಿದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಹೊಟ್ಟೆಯ ಒಳಸ್ನಾಯು ಬಲಪಡಿಸುವ ವ್ಯಾಯಾಮ ಕಲಿಯಬಹುದು. ಅಂತರ ಪೂರ್ತಿ ಮುಚ್ಚುತ್ತದೆ ಎಂಬ ಖಾತರಿ ಇಲ್ಲ. ಆದರೆ ಬಲ ಹೆಚ್ಚಾಗಿ ಅನೇಕರಿಗೆ ಆಪರೇಷನ್ನಿನ ಅಗತ್ಯವೇ ಕಾಣುವುದಿಲ್ಲ. ವ್ಯಾಯಾಮ ಮಾಡುವಾಗ ಹೊಟ್ಟೆಯ ನಡುವೆ ದಿಬ್ಬ ಎದ್ದರೆ ಆ ವ್ಯಾಯಾಮ ಸದ್ಯಕ್ಕೆ ಬೇಡ ಎಂದರ್ಥ.

ಹರ್ನಿಯಾಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಗಂಟು ಕಂಡ ಕೂಡಲೇ ಸರ್ಜನ್‌ಗೆ ತೋರಿಸಿ. ಯಾವಾಗ ಮಾಡಬೇಕೆಂದು ಅವರೇ ಹೇಳುತ್ತಾರೆ. ಗಂಟು ಗಟ್ಟಿಯಾಗಿ, ವಿಪರೀತ ನೋವಾಗಿ, ಮಲಗಿದರೂ ಒಳಗೆ ಹೋಗದಿದ್ದರೆ, ವಾಂತಿಯಾದರೆ, ಗಾಳಿ–ಮಲ ಹೋಗದಿದ್ದರೆ ಕರುಳು ಸಿಕ್ಕಿಹಾಕಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ, ಮಳೆಯಾದರೂ 108ಕ್ಕೆ ಕರೆ ಮಾಡಿ ಹೊರಡಿ. ಕಷಾಯ ಕುಡಿಸುವುದು, ಎಣ್ಣೆ ಹಚ್ಚಿ ತಿಕ್ಕುವುದು, ಗಂಟನ್ನು ಒತ್ತಿ ಒಳಗೆ ತಳ್ಳುವುದು ಬೇಡ.

ಅಪಾಯವನ್ನು ಫಾರ್ವರ್ಡ್ ಹೇಳುವುದಿಲ್ಲ

ಪೂರ್ಣ ಟಮ್ಮಿ ಟಕ್ ದೊಡ್ಡ ಆಪರೇಷನ್. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು ಕೆಲವು ಗಂಟೆ ಮಾಡುತ್ತಾರೆ. ಚರ್ಮದ ಅಡಿ ನೀರು ತುಂಬುವುದು ಹೆಚ್ಚು ಕಾಣುವ ತೊಂದರೆ. ಅದಕ್ಕೇ ಅನೇಕ ಸಲ ಕೆಲವು ದಿನ ನಳಿಕೆ ಇಟ್ಟಿರುತ್ತಾರೆ. ಸೋಂಕು, ರಕ್ತ ಕಟ್ಟುವುದು, ಗಾಯ ತಡವಾಗಿ ಮಾಯುವುದು, ಹೊಟ್ಟೆಯ ಕೆಳಭಾಗ ಮರಗಟ್ಟಿದಂತಾಗುವುದು ಕೂಡ ಇವೆ. ಅತಿ ಗಂಭೀರವಾದದ್ದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಆಪರೇಷನ್ ಆದ ದಿನಗಳಲ್ಲಿ ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಲಿಪೊಸಕ್ಷನ್‌ನಂಥ ಕೊಬ್ಬು ತೆಗೆಯುವ ಚಿಕಿತ್ಸೆಯೂ ‘ಪಾರ್ಲರ್ ಕೆಲಸ’ ಅಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕೇಂದ್ರವೊಂದರಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ಸ್ಥಿತಿ ಬಿಗಡಾಯಿಸಿದಾಗ ಅವರನ್ನು ಬೇರೆ ಆಸ್ಪತ್ರೆಗೆ ಸಾಗಿಸಲಾಗಿತ್ತು ಎಂದು ವರದಿಯಾಗಿತ್ತು. ಅವರದು ಹೆರಿಗೆ ನಂತರದ ಪ್ರಕರಣವಲ್ಲ. ಆದರೂ ಅದರಿಂದ ಕಲಿಯುವ ಪಾಠ ಎಲ್ಲರಿಗೂ ಒಂದೇ: ಆಪರೇಷನ್ ಎಲ್ಲಿ ಮಾಡುತ್ತಾರೆ, ಹೆಚ್ಚುಕಡಿಮೆಯಾದರೆ ಅಲ್ಲೇ ತೀವ್ರ ನಿಗಾ ಘಟಕ ಇದೆಯೇ ಎಂದು ಮೊದಲೇ ಕೇಳಬೇಕು.

ಫಾರ್ವರ್ಡ್ ಮಾತು ಮತ್ತು ವಾಸ್ತವ

‘ಸಿಸೇರಿಯನ್ ಜೊತೆಗೇ ಟಮ್ಮಿ ಟಕ್ ಮಾಡಿಸಿ, ಎರಡು ಸಲ ಕೊಯ್ಯುವುದು ತಪ್ಪುತ್ತದೆ.’
ಬೇಡ. ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶ ದೊಡ್ಡದಿರುತ್ತದೆ, ಚರ್ಮ ಹಿಗ್ಗಿ ಊದಿರುತ್ತದೆ. ಎಷ್ಟು ಚರ್ಮ ತೆಗೆಯಬೇಕೆಂಬ ಅಂದಾಜು ಸಿಗುವುದಿಲ್ಲ. ಆ ದಿನಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಸಹಜವಾಗಿಯೇ ಹೆಚ್ಚು.

‘ಹೊಟ್ಟೆ ಬಿಗಿಯಾಗಿ ಕಟ್ಟಿದರೆ ಆಪರೇಷನ್ ಬೇಡ.’
ಬಾಳಂತಿಗೆ ಹೊಟ್ಟೆಪಟ್ಟಿ ಕಟ್ಟುವುದು ನಮ್ಮ ಕಡೆ ಹಳೆಯ ರೂಢಿ. ಆಪರೇಷನ್ ಆದ ಮೊದಲ ದಿನಗಳಲ್ಲಿ ಎದ್ದು ಓಡಾಡಲು ಅದು ಆಸರೆ ಕೊಡುತ್ತದೆ, ನೋವು ಕಡಿಮೆ ಅನಿಸಬಹುದು. ಆದರೆ ಪಟ್ಟಿಯಿಂದ ಕೊಬ್ಬು ಕರಗುವುದಿಲ್ಲ, ಚರ್ಮ ಕುಗ್ಗುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಗಿಳಿದು ಗರ್ಭಕೋಶ, ಮೂತ್ರಕೋಶಗಳಿಗೆ ಆಸರೆಯಾದ ಸ್ನಾಯುಗಳಿಗೆ ತೊಂದರೆ.

‘ಬಾಳಂತಿಗೆ ನೀರು ಕಡಿಮೆ ಕೊಟ್ಟರೆ ಹೊಟ್ಟೆ ಬರುವುದಿಲ್ಲ.’
ತಪ್ಪು. ನೀರು ಕಡಿಮೆಯಾದರೆ ಮಲಬದ್ಧತೆ, ಮುಕ್ಕಿದಾಗ ಹೊಲಿಗೆಯ ಮೇಲೆ ಒತ್ತಡ. ಹಾಲುಣಿಸುವ ತಾಯಿಗೆ ಬಾಯಾರಿಕೆ ಸಹಜವಾಗಿಯೇ ಹೆಚ್ಚು.

‘ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ, ಮಕ್ಕಳಾಗದ ಆಪರೇಷನ್ನಿಂದ ಹೊಟ್ಟೆ ಬರುತ್ತದೆ.’
ಬೆನ್ನಿನ ಇಂಜೆಕ್ಷನ್ನಿನ ಪರಿಣಾಮ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಸಂತಾನಹರಣ ಚಿಕಿತ್ಸೆಯಲ್ಲಿ ಮುಚ್ಚುವುದು ಅಂಡನಾಳವನ್ನು. ಹೊಟ್ಟೆಯ ಸ್ನಾಯುಗಳ ಅಂತರಕ್ಕೂ ಅದಕ್ಕೂ ಸಂಬಂಧವಿಲ್ಲ.

ಊರಿನಿಂದ ಹೊರಡುವ ಮುನ್ನ

ತ್ಯಾಗಲಿ, ಶಿರಸಿ, ಯಲ್ಲಾಪುರದ ಕಡೆಯವರು ಮೊದಲು ಹತ್ತಿರದಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ. ಸಿದ್ದಾಪುರದ ತಾಲ್ಲೂಕು ಆಸ್ಪತ್ರೆಯಲ್ಲೋ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲೋ ವೈದ್ಯರಿಗೆ ತೋರಿಸಿ, ಹರ್ನಿಯಾ ಇದೆಯೇ ಇಲ್ಲವೇ ಎಂಬುದನ್ನು ತಿಳಿದುಕೊಳ್ಳಿ. ಈ ಒಂದು ಉತ್ತರ ಸಿಕ್ಕರೆ ಅರ್ಧ ಗೊಂದಲ ಮುಗಿಯುತ್ತದೆ. ಪ್ಲಾಸ್ಟಿಕ್ ಸರ್ಜನ್ ಬೇಕೆಂದಾದರೆ ಮಾತ್ರ ಹುಬ್ಬಳ್ಳಿ–ಧಾರವಾಡ, ಮಣಿಪಾಲದಂಥ ಊರುಗಳ ಯೋಚನೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಆಪರೇಷನ್‌ಗೆ ಒಂದು ಸಲ ಹೋದರೆ ಆಗಲಿಲ್ಲ. ನಳಿಕೆ ತೆಗೆಸಲು, ಗಾಯ ತೋರಿಸಲು ಮತ್ತೆ ಮತ್ತೆ ಹೋಗಬೇಕು.

ಹಣದ ಲೆಕ್ಕವೂ ಆಪರೇಷನ್ನಿನ ಬಗೆಯ ಮೇಲೆ ನಿಂತಿದೆ. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಆಯುಷ್ಮಾನ್ ಯೋಜನೆಯಲ್ಲೂ ಅದು ಸೇರಿಲ್ಲ. ‘ಆಯುಷ್ಮಾನ್ ಕಾರ್ಡಿನಲ್ಲಿ ಟಮ್ಮಿ ಟಕ್ ಉಚಿತ’ ಎಂಬ ಸಂದೇಶ ಬಂದರೆ ನಂಬಬೇಡಿ. ಹರ್ನಿಯಾದ ಲೆಕ್ಕ ಬೇರೆ. ಅದು ರೋಗ. ವಿಮೆ ಇದ್ದರೆ ಕಾಯುವ ಅವಧಿ ಎಷ್ಟೆಂದು ಪಾಲಿಸಿಯಲ್ಲಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ.

ಇನ್ನೊಂದು ಲೆಕ್ಕವನ್ನು ಮನೆಯವರೆಲ್ಲ ಕೂತು ಮಾಡಬೇಕು. ಟಮ್ಮಿ ಟಕ್ ಆದವರು ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ನಮ್ಮಲ್ಲಿ ಭಾರ ಎಂದರೆ ನೀರಿನ ಕೊಡ, ಸೊಪ್ಪಿನ ಹೊರೆ, ಕೊಟ್ಟಿಗೆಗೆ ಹಾಕುವ ದರಕು, ಅಡಿಕೆ ಬುಟ್ಟಿ, ಜೊತೆಗೆ ಎತ್ತಿಕೊಳ್ಳಲು ಹಟ ಮಾಡುವ ಎರಡು ವರ್ಷದ ಮಗು. ಕೊನೆಕೊಯ್ಲಿನ ಹೊತ್ತಿಗೆ ದಿನ ಗೊತ್ತು ಮಾಡಿಕೊಂಡರೆ ಕೆಲಸ ಯಾರ ತಲೆಗೆ ಬೀಳುತ್ತದೆ? ಕೊಟ್ಟಿಗೆ ಯಾರು ನೋಡುತ್ತಾರೆ? ಇದು ಇತ್ಯರ್ಥವಾಗದೆ ಆಪರೇಷನ್‌ಗೆ ಹೋದವರು ಎರಡನೇ ವಾರಕ್ಕೇ ಕೆಲಸಕ್ಕಿಳಿದು ಹೊಲಿಗೆಗೆ ತೊಂದರೆ ಮಾಡಿಕೊಳ್ಳಬಹುದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

• ನನ್ನ ತೊಂದರೆ ಚರ್ಮವೇ, ಕೊಬ್ಬೇ, ಸ್ನಾಯುಗಳ ಅಂತರವೇ, ಹರ್ನಿಯಾವೇ, ಕಲೆಯೇ? ಹೇಗೆ ಗೊತ್ತಾಯಿತು?
• ಆಪರೇಷನ್ ಮಾಡದೆ ಇದ್ದರೆ ಏನಾಗುತ್ತದೆ?
• ಮಾಡುವವರು ಯಾರು? ಟಮ್ಮಿ ಟಕ್, ಲಿಪೊಸಕ್ಷನ್ ಆದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಆಗಿದೆಯೇ? ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ಇದೆಯೇ?
• ಕೇಂದ್ರಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿದೆಯೇ? ಅರಿವಳಿಕೆ ತಜ್ಞರು, ತೀವ್ರ ನಿಗಾ ಘಟಕ ಇದೆಯೇ?
• ಔಷಧ, ಬಿಗಿಪಟ್ಟಿ, ಮುಂದಿನ ಭೇಟಿಗಳೂ ಸೇರಿ ಒಟ್ಟು ಖರ್ಚೆಷ್ಟು? ಬರೆದು ಕೊಡುತ್ತೀರಾ?
• ಕಲೆ ಎಲ್ಲಿ, ಎಷ್ಟು ಉದ್ದ ಬರುತ್ತದೆ?

ಇಷ್ಟಕ್ಕೆ ಸಮಾಧಾನದಿಂದ ಉತ್ತರಿಸದೆ ‘ಇವತ್ತೇ ಬುಕ್ ಮಾಡಿದರೆ ರಿಯಾಯಿತಿ’ ಎನ್ನುವ ಕಡೆಯಿಂದ ಎದ್ದು ಬನ್ನಿ.

ಕೊನೆಯದಾಗಿ

ಹೆರಿಗೆಯ ನಂತರ ಹೊಟ್ಟೆ ಬದಲಾಗುವುದು ರೋಗವಲ್ಲ, ತಾಯಿಯ ತಪ್ಪೂ ಅಲ್ಲ. ಆಪರೇಷನ್ ಬೇಡ ಎಂದು ಇರುವುದೂ ಸರಿ. ಎಲ್ಲ ತಿಳಿದು, ತನ್ನ ಇಷ್ಟದಿಂದ ಮಾಡಿಸಿಕೊಳ್ಳುವುದೂ ಸರಿ. ಆ ನಿರ್ಧಾರ ಅತ್ತೆಯದ್ದಲ್ಲ, ಗಂಡನದ್ದಲ್ಲ, ವಾಟ್ಸಾಪ್ ಗುಂಪಿನದ್ದಂತೂ ಅಲ್ಲ. ಆ ದೇಹ ಯಾರದ್ದೋ ಅವರದ್ದು. ಹೊಟ್ಟೆಯಲ್ಲಿ ಗಂಟು ಕಂಡರೆ ಮಾತ್ರ ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳಬೇಡಿ, ಈ ವಾರವೇ ತೋರಿಸಿ. ಈ ಲೇಖನದಲ್ಲಿ ಒಂದೇ ಸಾಲನ್ನು ಫಾರ್ವರ್ಡ್ ಮಾಡುವುದಾದರೆ ಆ ಸಾಲನ್ನೇ ಮಾಡಿ.